ಮರಮ್ಮನ ನಾರ್ಮಲ್ ರಕ್ತ

ಮರಮ್ಮನಿಗೆ ಯಾವ ಕಾಯಿಲೆಯೂ ಇಲ್ಲವೆಂದು ಕಾಗದ ಬಂದ ದಿನ ಅವಳು ಸೌದೆ ರಾಶಿಯಿಂದ ಒಲೆಯ ಬಾಯಿಗೆ ಹೋಗುವ ಹತ್ತು ಮಾರು ದಾರಿಯಲ್ಲಿ ಮೂರು ಸಲ ಕೂತಿದ್ದಳು. ಮೂರನೇ ಸಲ ಏಳಲಾಗಲಿಲ್ಲ. ಸುಂದ್ರಮ್ಮ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. ಅದೇ ಹೊತ್ತಿಗೆ ಯಜಮಾನ ನಂಜುಂಡೇಶ ಬೈಕು ನಿಲ್ಲಿಸಿ, ಬ್ಯಾಗಿನಿಂದ ಕಾಗದದ ಕಟ್ಟು ತೆಗೆದ.

"ಎಲ್ರೂ ಬನ್ರಮ್ಮಿ ಇಲ್ಲಿ. ನಿಮ್ ರಕ್ತದ ರಿಪೋರ್ಟ್ ಬಂದದೆ."

ಕೇರಿಯ ಹದಿನೆಂಟು ಜನ ಸೊಪ್ಪು ಕಟ್ಟುವುದು ಬಿಟ್ಟು ಬಂದು ನಿಂತರು. ಎಲ್ಲರ ಕೈಗೂ ಹಸಿ ಹೊಗೆಸೊಪ್ಪಿನ ಕಪ್ಪು ಅಂಟು. ಅಂಟಿಗೆ ಕಾಗದ ಕೆಡುತ್ತದೆ ಎಂದು ಅವನು ಯಾರ ಕೈಗೂ ಕೊಡಲಿಲ್ಲ. ತಾನೇ ಓದಿದ. ಓದಲು ಹೆಚ್ಚೇನೂ ಇರಲಿಲ್ಲ. ಸುಂದ್ರಮ್ಮ ನಾರ್ಮಲ್. ಮಂಗಳಮ್ಮ ನಾರ್ಮಲ್. ಮರಮ್ಮ ನಾರ್ಮಲ್. ಹದಿನೆಂಟು ಜನವೂ ನಾರ್ಮಲ್.

"ನೋಡು ಮರಮ್ಮ, ನಿನ್ ರಕ್ತ ನನ್ ರಕ್ತಕ್ಕಿಂತ ಚೆನ್ನಾಗದೆ ಕಣಮ್ಮಿ," ಎಂದ ನಂಜುಂಡೇಶ. "ನಂಗೇ ಜಾಸ್ತಿ ತೋರ್ಸದೆ. ಶ್ವಾಸಕೋಶದಲ್ಲಿ ಉರಿಯೂತ ಅಂತೆ."

ಕೇರಿಯವರ ರಕ್ತ ತನ್ನ ರಕ್ತಕ್ಕಿಂತ ಒಳ್ಳೆಯದು ಎಂದು ಮುದ್ದನಕೊಪ್ಪಲಿನಲ್ಲಿ ಒಬ್ಬ ಯಜಮಾನ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುವಾಗ ಅವನಿಗೆ ಬೇಜಾರೇನೂ ಆಗಲಿಲ್ಲ. ಆ ವರ್ಷ ಕೆಟ್ಟ ರಕ್ತಕ್ಕೆ ಬಹುಮಾನವಿತ್ತು.

ಬಹುಮಾನ ಇಟ್ಟಿದ್ದು ಸೊಪ್ಪು ಕೊಳ್ಳುವ ಕಂಪನಿ. ಪಿರಿಯಾಪಟ್ಟಣ, ಹುಣಸೂರು ಕಡೆ ಕಿಟಕಿಯಿಲ್ಲದ ಎತ್ತರದ ಮನೆ ಕಂಡರೆ ಅದರಲ್ಲಿ ಮನುಷ್ಯರಿಲ್ಲ, ಹೊಗೆಸೊಪ್ಪಿದೆ ಎಂದು ತಿಳಿಯಬೇಕು. ಅದು ಬ್ಯಾರನ್ನು. ಹೊರಗಿನ ಒಲೆಗೆ ಸೌದೆ ತುಂಬಿದರೆ ಬಿಸಿ ಕೊಳವೆಗಳಲ್ಲಿ ಒಳಗೆಲ್ಲ ಸುತ್ತಿ, ಸೊಪ್ಪು ಹಸಿರು ಬಿಟ್ಟು ಹಳದಿಯಾಗಿ ಒಣಗುತ್ತದೆ. ಆ ಸೊಪ್ಪು ಹಡಗು ಹತ್ತಿ ದೂರದ ದೇಶಗಳಿಗೆ ಹೋಗುತ್ತದೆ. ಸೊಪ್ಪು ಸುಟ್ಟು ಎದೆಗೆ ಎಳೆದುಕೊಳ್ಳುವ ಆ ದೇಶದವರಿಗೆ ಇತ್ತೀಚೆಗೆ ಒಂದು ಚಿಂತೆ ಶುರುವಾಗಿತ್ತು. ಇದನ್ನು ಬೇಯಿಸಿದ ಕೂಲಿಯವರ ಎದೆ ಚೆನ್ನಾಗಿದೆಯೇ? ಚಿಂತೆ ಕಳೆಯಲು ಕಂಪನಿ ಒಂದು ಯೋಜನೆ ಮಾಡಿತು. ಯೋಜನೆಯ ಹೆಸರು ‘ಸುಖದ ಉಸಿರು’. ರಕ್ತ ಪರೀಕ್ಷೆಯಲ್ಲಿ ಶ್ವಾಸಕೋಶದ ಉರಿಯೂತ ಕಂಡವರಿಗೆ ಒಂದು ವರ್ಷದ ಔಷಧಿ, ಅದನ್ನು ಹಬೆ ಮಾಡಿ ಎದೆಗೆ ಕೊಡುವ ಉಸಿರಿನ ಮಿಷನ್ನು, ಮೈಸೂರಿನಲ್ಲಿ ತಪಾಸಣೆ, ಹಗುರ ಕೆಲಸ. ಕಾಣದವರಿಗೆ ಅಭಿನಂದನೆ.

ಮರಮ್ಮನಿಗೆ ಅಭಿನಂದನೆ ಬಂತು. ನಂಜುಂಡೇಶನಿಗೆ ಮಿಷನ್ನು ಬಂತು.

ಮರಮ್ಮನಿಗೆ ಐವತ್ತರ ಹತ್ತಿರ ವಯಸ್ಸು. ಅವಳ ಗಂಡ ದೊಡ್ಡಮಾದಯ್ಯ ಇದೇ ಒಲೆಗೆ ಇಪ್ಪತ್ತೆರಡು ವರ್ಷ ಸೌದೆ ತಳ್ಳಿದ. ಕೊನೆಕೊನೆಗೆ ಕೆಮ್ಮಿದರೆ ಬೀದಿಯ ತುದಿಗೆ ಕೇಳುತ್ತಿತ್ತು. ಟಿ.ಬಿ. ಎಂದರು. ಕಫ ಪರೀಕ್ಷೆಯಲ್ಲಿ ಟಿ.ಬಿ. ಸಿಗಲಿಲ್ಲ. ಆದರೂ ಟಿ.ಬಿ. ಎಂದೇ ಸತ್ತ. ಅವನು ಸತ್ತ ಹನ್ನೊಂದನೇ ದಿನಕ್ಕೆ ನಂಜುಂಡೇಶ ಆಳು ಕಳಿಸಿದ. ಉರಿಯ ಹದ ದೊಡ್ಡಮಾದಯ್ಯನನ್ನು ಬಿಟ್ಟರೆ ಮರಮ್ಮನಿಗೆ ಮಾತ್ರ ತಿಳಿದಿತ್ತು. ಮೊದಲ ದಿನ ಎಷ್ಟು ಸೌದೆ, ಸೊಪ್ಪಿನ ದಂಟು ಒಣಗುವಾಗ ಎಷ್ಟು, ಯಾವಾಗ ಮೇಲಿನ ಕಿಂಡಿ ತೆಗೆಯಬೇಕು, ಯಾವಾಗ ಮುಚ್ಚಬೇಕು. ಗೋಡೆಗೆ ಅಂಗೈ ಇಟ್ಟು ಹೇಳುತ್ತಿದ್ದಳು. ರಾತ್ರಿ ಅವಳು ಹೇಳಿಹೋದಷ್ಟು ಸೌದೆಯನ್ನು ಆಳುಗಳು ಹಾಕುತ್ತಿದ್ದರು, ಹಗಲಿನ ಉರಿ ಅವಳದಾಯಿತು. ಆರು ವರ್ಷದಿಂದ ಅವಳದೇ.

ನಂಜುಂಡೇಶನ ಎರಡು ಬ್ಯಾರನ್ನುಗಳಲ್ಲಿ ಒಂದರ ಕೊಳವೆ ಸೀಳಿತ್ತು. ಉರಿ ಹಾಕಿದರೆ ಅರ್ಧ ಹೊಗೆ ಒಲೆಯ ಬಾಯಿಂದ ವಾಪಸು ಮುಖಕ್ಕೆ ಬರುತ್ತಿತ್ತು. ಕೊಳವೆ ಬದಲಾಯಿಸಿ ಎಂದು ಮೂರು ವರ್ಷದಿಂದ ಕೇಳುತ್ತಿದ್ದಳು. ನಂಜುಂಡೇಶ ಪ್ರತಿ ವರ್ಷವೂ ಮುಂದಿನ ವರ್ಷ ಎನ್ನುತ್ತಿದ್ದ. ಕೊಳವೆಯ ಬದಲು ಅವನು ದೊಡ್ಡಮಾದಯ್ಯನ ಕಾಲದಿಂದಲೂ ಬರುತ್ತಿದ್ದ ಶಿವಶಂಕರನನ್ನೇ ಕರೆಸುತ್ತಿದ್ದ.

ಶಿವಶಂಕರ ಹುಣಸೂರಿನ ಒಂದು ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷ ಕಾಂಪೌಂಡರ್ ಆಗಿದ್ದವನು. ಈಗ ಹೋಬಳಿಯಲ್ಲಿ ಅವನದೇ ಶಾಪು, ಬೋರ್ಡಿನ ಮೇಲೆ ಹೆಸರಿನ ಮುಂದೆ ಡಾ. ಎಂದಿತ್ತು. ಸೊಪ್ಪು ಬೇಯಿಸುವ ಕಾಲದಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಬಂದು ಕೇರಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೋಳಿಗೆ ಒಂದೊಂದು ಸೂಜಿ ಚುಚ್ಚುತ್ತಿದ್ದ. ಅದು ಉಸಿರಿನ ಸೂಜಿ. ಚುಚ್ಚಿದ ಮಧ್ಯಾಹ್ನಕ್ಕೆ ಎದೆ ಬಿಡುತ್ತಿತ್ತು, ಹಸಿವಾಗುತ್ತಿತ್ತು, ಮೈಗೆ ಹುಮ್ಮಸ್ಸು ಬರುತ್ತಿತ್ತು. ನಾಲ್ಕೈದು ದಿನ ಜನ ಎತ್ತಿನ ಹಾಗೆ ಕೆಲಸ ಮಾಡುತ್ತಿದ್ದರು. ವಾರದ ಕೊನೆಗೆ ಮತ್ತೆ ಏದುಸಿರು. ಮತ್ತೆ ಸೋಮವಾರ. ಸೂಜಿಗೆ ನಂಜುಂಡೇಶ ಯಾರ ಹತ್ತಿರವೂ ಕಾಸು ಕೇಳುತ್ತಿರಲಿಲ್ಲ. ಅದನ್ನು ಅವನೇ ಆಗಾಗ ನೆನಪಿಸುತ್ತಿದ್ದ.

ಕಂಪನಿಯ ಮೊದಲ ಕ್ಯಾಂಪು ನಡೆದದ್ದು ಆಗಸ್ಟ್‌ನಲ್ಲಿ, ಊರೊಳಗಿನ ಹಾಲಿನ ಡೇರಿಯ ಹಾಲ್‌ನಲ್ಲಿ. ಕಂಪನಿಯ ಫೀಲ್ಡ್ ಆಫೀಸರ್ ಮಹೇಶ್‌ಕುಮಾರ್ ಎಲ್ಲ ನೋಡಿಕೊಳ್ಳುತ್ತಿದ್ದ. ಮೈಸೂರಿನಿಂದ ಮಾನಸ ಎಂಬ ಡಾಕ್ಟರು ಬಂದಿದ್ದರು. ಇನ್ನೂ ಓದುತ್ತಿದ್ದ ಹುಡುಗಿ. ಎದೆಯ ಉರಿಯೂತವನ್ನು ರಕ್ತದ ಗುರುತುಗಳಿಂದ ಅಳೆಯುವುದೇ ಅವರ ಓದು.

ಆದರೆ ಅವತ್ತು ಮೇಜಿನ ಮೇಲೆ ರಕ್ತದ ಸೀಸೆಗಳ ಜೊತೆ ಇನ್ನೊಂದು ಯಂತ್ರವೂ ಇತ್ತು. ಊದುವ ಯಂತ್ರ. ಬಾಯಿಗೆ ಕೊಳವೆ ಇಟ್ಟುಕೊಂಡು ಎದೆಯಲ್ಲಿದ್ದಷ್ಟೂ ಗಾಳಿ ಊದಿದರೆ ಎದೆ ಎಷ್ಟು ಹಾಳಾಗಿದೆ ಎಂದು ಅಲ್ಲೇ ಹೇಳುತ್ತಿತ್ತು. ಕೇರಿಯವರನ್ನು ಟೆಂಪೋದಲ್ಲಿ ಬೇಗ ತಂದಿದ್ದರಿಂದ ಮರಮ್ಮನೇ ಮೊದಲು ಊದಿದಳು. ಮಾನಸ ಪರದೆ ನೋಡಿದರು. ಹುಬ್ಬು ಗಂಟಾಯಿತು.

"ಇನ್ನೊಂದು ಸಲ ಊದಿ ಅಮ್ಮ. ಜೋರಾಗಿ."

"ಇಷ್ಟೇ ಕಣವ್ವ ಇರದು," ಎಂದಳು ಮರಮ್ಮ.

ಅಷ್ಟರಲ್ಲಿ ಊರೊಳಗಿನ ಯಜಮಾನರು ಬಂದರು. ಅವರೂ ಹೊಗೆಯ ಹತ್ತಿರದವರೇ ಎಂದು ಅವರ ರಕ್ತವೂ ಪಟ್ಟಿಯಲ್ಲಿತ್ತು. ನಂಜುಂಡೇಶನ ಕೈಗೆ ಮಾನಸ ಕೊಳವೆ ಕೊಟ್ಟರು. ಅವನು ಹಿಡಿದುಕೊಳ್ಳಲಿಲ್ಲ.

"ಇದ್ರಲ್ಲೇ ಅವ್ರೂ ಊದಿದ್ದಾ?"

"ಕೊಳವೆ ಹೊಸದು ಸರ್. ಒಬ್ಬೊಬ್ಬರಿಗೆ ಒಂದೊಂದು. ಊದಿದ ಮೇಲೆ ಎಸೀತೀವಿ."

"ಕೊಳವೆ ಎಸೀತೀರ. ಊದಿದ್ ಗಾಳಿ ಒಳಗೇ ಓಗಿರ್ತದಲ್ಲ ಮೇಡಂ."

ಮಾನಸರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಏನು ಹೇಳಬೇಕೋ ತಿಳಿಯಲಿಲ್ಲ. ಮಹೇಶ್‌ಕುಮಾರನಿಗೆ ಮಾತ್ರ ಎರಡೂ ತಿಳಿದಿತ್ತು. ಅವನು ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದ. "ಊದೋದು ಬೇಡ ಬಿಡಿ ಮೇಡಂ. ಸುಮ್ನೆ ಗಲಾಟೆ. ರಕ್ತ ಒಂದು ತಗೊಳ್ಳಿ, ಅದ್ರಲ್ಲೇ ಎಲ್ಲ ಗೊತ್ತಾಗುತ್ತೆ. ನಮ್ ಆಫೀಸಿಗೂ ಬೇಕಾಗಿರೋದು ರಕ್ತದ ನಂಬರೇ."

ರಕ್ತಕ್ಕೆ ಯಾರೂ ತಕರಾರು ಮಾಡಲಿಲ್ಲ. ಯಜಮಾನರ ಸೀಸೆ, ಕೇರಿಯವರ ಸೀಸೆ ಒಂದೇ ಐಸ್ ಡಬ್ಬದಲ್ಲಿ ಒಂದಕ್ಕೊಂದು ಒತ್ತಿಕೊಂಡು ಮೈಸೂರಿಗೆ ಹೋದವು. ದಾರಿಯಲ್ಲಿ ಯಾವ ಗಲಾಟೆಯೂ ಆಗಲಿಲ್ಲ.

ಅವತ್ತು ಸೋಮವಾರ. ಬೆಳಿಗ್ಗೆ ಏಳಕ್ಕೇ ಶಿವಶಂಕರ ಬಂದು ಹದಿನೆಂಟು ಜನಕ್ಕೂ ಸೂಜಿ ಚುಚ್ಚಿ ಹೋಗಿದ್ದ.

ನಂಜುಂಡೇಶನಿಗೆ ಆ ವಾರ ದವಡೆ ಹಲ್ಲಿಗೆ ಕೀವು ತುಂಬಿ ಕೆನ್ನೆ ಊದಿತ್ತು. ರಕ್ತದಲ್ಲಿ ಸಿ.ಆರ್.ಪಿ. ಎಂಬುದು ಏರಿತ್ತು. ಉರಿಯೂತ ಹಲ್ಲಿನದೋ ಎದೆಯದೋ ಎಂದು ಆ ಸಿ.ಆರ್.ಪಿ. ಹೇಳುವುದಿಲ್ಲ. ಕೇಳಬೇಕಾಗಿದ್ದವರು ಕೇಳಲಿಲ್ಲ. ಆಫೀಸಿನಲ್ಲಿ ಅಂಕಿ ನೋಡಿ ಮಿಷನ್ನು ಕಳಿಸಿದರು. ಅದು ಅವನ ಮನೆಯ ಫ್ರಿಡ್ಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲೇ ಕೂತಿತು.

ಹದಿನೆಂಟು ಕಾಗದಗಳನ್ನು ಅವನು ಸೊಪ್ಪಿನ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ. ಕಂಪನಿಯವರು ಬಂದರೆ ಕಾಣಬೇಕಲ್ಲ.

ಕಂಡದ್ದು ಮಧುಶ್ರೀಗೆ. ಮರಮ್ಮನ ಒಬ್ಬಳೇ ಮಗಳು. ಹುಣಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದಳು. ಭಾನುವಾರ ಬಂದವಳು ಅವ್ವನಿಗೆ ಊಟ ತಂದು ಶೆಡ್ಡಿನಲ್ಲಿ ಕೂತು, ಸುಮ್ಮನೆ ಗೋಡೆಯ ಕಡೆ ನೋಡಿದಳು. ಎದ್ದು ಹೋಗಿ ಒಂದು ಕಾಗದ ಓದಿದಳು. ಇನ್ನೊಂದು ಓದಿದಳು. ಹದಿನೆಂಟನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದಳು.

"ಅವ್ವ, ರಕ್ತ ಕೊಟ್ ದಿನ ಸೂಜಿ ಚುಚ್ಚಿಸ್ಕೊಂಡಿದ್ರಾ?"

"ಊಂ. ಸ್ವಾಮಾರ ಅಲ್ವಾ ಅದು."

"ಎಲ್ರೂನಾ?"

"ಎಲ್ರೂವೆ."

ಮಧುಶ್ರೀ ಮೊಬೈಲಿನ ಫೋಟೋಗಳನ್ನು ಮತ್ತೊಮ್ಮೆ ಸರಿಸಿ ನೋಡಿದಳು. ಆಮೇಲೆ ಹೇಳಿದಳು. "ಎದೇಲಿ ನಿಮ್ಮಂಗೆ ಉರಿಯೂತ ಇದ್ರೆ ರಕ್ತದಲ್ಲಿ ಒಂದು ಜಾತಿ ಕಣ ಜಾಸ್ತಿ ಆಗ್ಬೋದು. ಸಿ.ಆರ್.ಪಿ. ಅಂತ ಇನ್ನೊಂದದೆ, ಅದೂ ಏರ್ತದೆ."

"ಸಿಯಾರ್ಪಿ ಅಂದ್ರೆ ಇಸ್ಕೂಲ್ ನೋಡಕೆ ಬೈಕಲ್ಲಿ ಬತ್ತಾರಲ್ಲ?"

"ಅವ್ರಲ್ಲ ಕಣವ್ವ. ಇದು ರಕ್ತದಲ್ಲಿರೋದು. ಶಿವಶಂಕರ ಚುಚ್ಚೋದು ಸ್ಟೀರಾಯ್ಡ್ ಅಂತ ಕಾಣ್ತದೆ. ಅದು ಮೈಗೋದ್ರೆ ಎರಡೂ ಇಳಿದೋಯ್ತವೆ. ನಿಂದು ಆ ಕಣ ಸೊನ್ನೆ ತೋರ್ಸದೆ. ಚೆನ್ನಾಗಿರೋರ್ ರಕ್ತದಲ್ಲೂ ಒಂದೋ ಎರಡೋ ಇರ್ತದೆ. ಹದಿನೆಂಟು ಜನಕ್ಕೂ ಸೊನ್ನೆ ಅಂದ್ರೆ ಎಂಗೆ?"

ಮರಮ್ಮ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ಅಂದ್ರೆ ಒಳಗಿನ ಉರಿ ಆರೋಯ್ತು ಅಂತಾನಾ?"

"ಆರಿಲ್ಲ. ಕಾಣ್ದಂಗೆ ಮಾಡ್ತದೆ ಅಷ್ಟೇ."

ಮರಮ್ಮನಿಗೆ ಇದನ್ನು ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ. ಬ್ಯಾರನ್ನಿನ ಕಿಂಡಿಗಳನ್ನೆಲ್ಲ ಮುಚ್ಚಿದರೆ ಹೊರಗೆ ನಿಂತವನಿಗೆ ಒಂದೆಳೆ ಹೊಗೆಯೂ ಕಾಣುವುದಿಲ್ಲ. ಒಳಗೆ ಉರಿ ಇದ್ದೇ ಇರುತ್ತದೆ. ಮುಚ್ಚುವುದು ಅವಳ ಕೆಲಸವೇ ಆಗಿತ್ತು.

"ಇನ್ನೊಂದು ಕ್ಯಾಂಪು ಅದೆಯಂತೆ, ಬರೋ ತಿಂಗಳು," ಎಂದಳು. "ಅಲ್ಲಿಗಂಟ ಸೂಜಿ ತಗಳಲ್ಲ."

ಮಧುಶ್ರೀ ಹೆದರಿದಳು. "ಒಂದೇ ಸಲಕ್ಕೆ ನಿಲ್ಲಿಸ್ಬಾರ್ದು ಅವ್ವ. ವರ್ಷಗಟ್ಟಲೆ ತಗೊಂಡಿದೀಯ. ಮೈ ಕುಸಿದೋಯ್ತದೆ. ಉಸಿರು ಕಟ್ಟಿದ್ರೆ ಏನ್ ಮಾಡ್ತೀಯ?"

"ಕಟ್ಟಿದ್ರೆ ಅವ್ರ ಕಣ್ ಮುಂದೆ ಕಟ್ಲಿ. ನಿಮ್ಮಪ್ಪಂದು ಯಾರ್ ಕಣ್ಣಿಗೂ ಬೀಳ್ದಂಗೆ ಕಟ್ಟೋಯ್ತು."

ಮುಂದಿನ ಸೋಮವಾರ ಮರಮ್ಮ ಸಾಲಿನಲ್ಲಿ ನಿಲ್ಲಲಿಲ್ಲ. ಸೂಜಿ ಬೇಡವೆಂದರೆ ಉರಿಯ ಕೆಲಸವೂ ಬೇಡ ಎಂದ ನಂಜುಂಡೇಶ. ಕೆಮ್ಮುವವರನ್ನು ಒಲೆಯ ಮುಂದೆ ಕೂರಿಸಿ ಕಂಪನಿಯವರ ಕೈಲಿ ಮಾತು ಕೇಳುವುದಕ್ಕೆ ಅವನು ತಯಾರಿರಲಿಲ್ಲ. ಅವಳು ಮನೆಗೆ ಹೋದಳು. ಒಲೆಯ ಮುಂದೆ ಅವಳಿಂದ ಅಷ್ಟಿಷ್ಟು ಹದ ಕಲಿತಿದ್ದ ಸುಂದ್ರಮ್ಮ ಕೂತಳು.

ಮೊದಲ ವಾರ ಕೀಲುಕೀಲೂ ನೊಂದವು. ತಲೆ ಎತ್ತಿದರೆ ಸುತ್ತು. ಮನೆಯ ಹಿಂದಿನ ನಲ್ಲಿಗೆ ಹೋಗಿ ಬಂದರೆ ಮೈಯೆಲ್ಲ ಬೆವರು. ಎರಡನೇ ವಾರ ಉಸಿರಿನ ಸರದಿ. ಮಲಗಲಾಗುತ್ತಿರಲಿಲ್ಲ. ಗೋಡೆಗೆ ಒರಗಿ, ಮಂಡಿಯ ಮೇಲೆ ಎರಡೂ ಅಂಗೈ ಊರಿ, ಭುಜ ಎತ್ತಿ ಎತ್ತಿ ಗಾಳಿ ಎಳೆಯಬೇಕು. ಕೊರಳಿನ ನರಗಳು ಹಗ್ಗದ ಹಾಗೆ ನಿಲ್ಲುತ್ತಿದ್ದವು. ಎದೆಯೊಳಗೆ ಬೆಕ್ಕಿನ ಮರಿಗಳು ಕೂಗಿದ ಹಾಗೆ ಸದ್ದು. ಉಣ್ಣಬೇಕೆಂದರೆ ಉಸಿರು ಬಿಡಬೇಕು, ಉಸಿರಾಡಬೇಕೆಂದರೆ ಊಟ ಬಿಡಬೇಕು. ಒಂದು ಉಸಿರಿಗೆ ಎರಡು ಮಾತು ಬರುತ್ತಿದ್ದವು. ಮೂರನೇ ಮಾತಿಗೆ ಇನ್ನೊಂದು ಉಸಿರು ಬೇಕು.

ಮಧುಶ್ರೀ ದಿನಾ ಸಂಜೆ ಬಸ್ಸು ಹಿಡಿದು ಬಂದು ಹೋಗುತ್ತಿದ್ದಳು. ಆಸ್ಪತ್ರೆಗೆ ನಡಿ ಎಂದು ಅತ್ತಳು, ಬೈದಳು. "ಆಸ್ಪತ್ರೇಲಿ ಮೊದ್ಲು... ಅದೇ ಸೂಜಿ ಚುಚ್ತಾರೆ ಅಂದ್ಯಲ್ಲ... ನೀನೇ," ಎಂದಳು ಮರಮ್ಮ. ಮಗಳ ಓದು ಅವಳಿಗೆ ಚೆನ್ನಾಗಿ ಉಪಯೋಗಕ್ಕೆ ಬರುತ್ತಿತ್ತು.

ಎರಡನೇ ಕ್ಯಾಂಪಿನ ದಿನ ಡೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಮೊದಲ ಪರೀಕ್ಷೆಯಲ್ಲಿ ಕೂಲಿಯವರೆಲ್ಲ ನಾರ್ಮಲ್ ಬಂದ ಒಂದೇ ಊರು ಮುದ್ದನಕೊಪ್ಪಲು. ಅದಕ್ಕಾಗಿ ‘ಆರೋಗ್ಯವಂತ ಉಸಿರಿನ ಗ್ರಾಮ’ ಎಂದು ಕಲ್ಲಿನ ಮೇಲೆ ಕೆತ್ತಿಸಿ ತಂದು ಗೋಡೆಗೆ ಕೂರಿಸಿ ಹಳದಿ ಬಟ್ಟೆ ಹೊದಿಸಿದ್ದರು. ಹನ್ನೊಂದು ಗಂಟೆಗೆ ಹೊರದೇಶದ ಇಬ್ಬರು ಅತಿಥಿಗಳು ಬಂದು ಬಟ್ಟೆ ಸರಿಸಬೇಕು. ಎರಡನೇ ಪರೀಕ್ಷೆ ಹೆಸರಿಗೆ. ಅದರ ಫಲಿತಾಂಶ ಆಗಲೇ ಕಲ್ಲಿನ ಮೇಲಿತ್ತು.

ಅವತ್ತು ಶನಿವಾರ. ಆದರೂ ಬೆಳಿಗ್ಗೆ ಏಳಕ್ಕೆ ಶಿವಶಂಕರ ಶೆಡ್ಡಿಗೆ ಬಂದಿದ್ದ. ಮರಮ್ಮ ಮಗಳ ಹೆಗಲು ಹಿಡಿದು, ಆರು ಕಡೆ ಕೂತು, ಕ್ಯಾಂಪಿಗೆ ಟೆಂಪೋ ಹೊರಡುವ ಶೆಡ್ಡಿಗೆ ಬಂದಳು. ಹತ್ತಿಯ ತುಂಡು ಅದ್ದುತ್ತಾ ಶಿವಶಂಕರ ನಕ್ಕ.

"ಬಂದ್ಯಾ? ತೋಳು ಕೊಡಮ್ಮ. ಅಷ್ಟು ಜನರ ಮುಂದೆ ಕೆಮ್ಮಿ ಊರ್ ಮಾನ ಕಳೀಬ್ಯಾಡ."

ಮರಮ್ಮ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು.

"ಕೆಮ್ಮು ನಂದು," ಎಂದಳು. ಉಸಿರು ಎಳೆದಳು. "ಮಾನ ಯಾರ್ದು?"

"ಏನಂದೆ?"

"ಕೊಡಲ್ಲ ಅಂದೆ. ಈ ತೋಳಿಗೆ... ಇವತ್ತು ಒಂದೇ ಸೂಜಿ. ಮೇಡಮ್ಮೋರ್ದು."

ನಂಜುಂಡೇಶ ಬಾಗಿಲಲ್ಲಿ ನಿಂತಿದ್ದ. "ಇವಳ ಹೆಸರು ಹೊಡ್ದಾಕು," ಎಂದ ಮಹೇಶ್‌ಕುಮಾರನನ್ನು ಹುಡುಕುತ್ತಾ. ಆಮೇಲೆ ಅವಳ ಕಡೆ ತಿರುಗಿದ. "ಇಷ್ಟು ವರ್ಸ ನಮ್ ಕಾಸಲ್ಲಿ ಸೂಜಿ ಹಾಕ್ಸಿ ಸಾಕಿದ್ದುಕ್ಕೆ ಇದಾ ನೀನ್ ಮಾಡೋದು? ಬುಟ್ಟಿದ್ರೆ ನೀನೂ ನಿನ್ ಗಂಡನ್ ಜೊತೆಗೇ ಓಗ್ತಿದ್ದೆ."

"ಅವ್ನಿಗೂ ಇದೇ ಸೂಜಿ... ಹಾಕಿಸ್ತಿದ್ರಿ," ಎಂದಳು ಮರಮ್ಮ.

ಸುಂದ್ರಮ್ಮನ ರವಿಕೆಯ ತೋಳು ಮೇಲಕ್ಕೆ ಮಡಿಚಿತ್ತು, ಹತ್ತಿ ಒರೆಸಿ ಆಗಿತ್ತು, ಸೂಜಿ ಬರುವುದಷ್ಟೇ ಬಾಕಿ. ಅವಳು ತೋಳು ಕೆಳಕ್ಕೆ ಇಳಿಸಿದಳು. "ನಂಗೂ ಬ್ಯಾಡ," ಎಂದಳು. ಮಂಗಳಮ್ಮ ಇಳಿಸಿದಳು. ಇನ್ನು ನಾಲ್ವರು ಇಳಿಸಿದರು. ಉಳಿದ ಹನ್ನೊಂದು ಜನ ಯಜಮಾನನ ಮುಖ ನೋಡಿ ಚುಚ್ಚಿಸಿಕೊಂಡರು. ಅವರಿಗೂ ಮನೆಯಿತ್ತು, ಮಕ್ಕಳಿದ್ದರು. ಶಿವಶಂಕರ ಬೇಗ ಬೇಗ ಮುಗಿಸಿ ಹೊರಟ. ಖಾಲಿ ಸೀಸೆಗಳನ್ನು ಶೆಡ್ಡಿನ ಹಿಂದಕ್ಕೆ ಎಸೆದು ಹೋದ. ಮಧುಶ್ರೀ ಹೋಗಿ ಒಂದನ್ನು ಆರಿಸಿಕೊಂಡು ಬ್ಯಾಗಿಗೆ ಹಾಕಿಕೊಂಡಳು.

ಡೇರಿಯಲ್ಲಿ ಮಹೇಶ್‌ಕುಮಾರ್ ಹೊಸ ನಿಯಮ ಹೇಳಿದ. ಮೊದಲೇ ನಾರ್ಮಲ್ ಬಂದವರು ಇಷ್ಟವಿಲ್ಲದಿದ್ದರೆ ಮತ್ತೆ ರಕ್ತ ಕೊಡಬೇಕಾಗಿಲ್ಲ. ಮರಮ್ಮನಿಗೆ ಇಷ್ಟವಿರಲಾರದು ಎಂದು ಅವನೇ ತೀರ್ಮಾನಿಸಿ ಹೆಸರಿನ ಮೇಲೆ ಗೆರೆ ಎಳೆದಿದ್ದ. ಮರಮ್ಮ ಹೋಗಿ ಮಾನಸರ ಮುಂದಿನ ಕುರ್ಚಿಯಲ್ಲಿ ಕೂತಳು.

"ಎದ್ದೇಳಮ್ಮ. ಗೆಸ್ಟ್ ಬರೋ ಟೈಮಾಯ್ತು."

"ಏಳಕ್ಕೆ ಆಗ್ದೆ ಇರೋದುಕ್ಕೇ... ಸ್ವಾಮಿ... ಕೂತಿರೋದು."

ಮಾನಸ ಅವಳ ತುಟಿ ನೋಡಿದರು. ನೇರಳೆ ಹಣ್ಣು ತಿಂದ ಬಾಯಿಯ ಹಾಗಿತ್ತು. ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಒಂದು ಪುಟ್ಟ ಚಿಮಟ ಸಿಕ್ಕಿಸಿದರು. ಅದರಲ್ಲಿ ಎಂಬತ್ನಾಲ್ಕು ಎಂದು ಕೆಂಪು ಅಂಕಿ ಹತ್ತಿತು. ತೊಂಬತ್ತೈದಕ್ಕೆ ಕಡಿಮೆ ಇರಬಾರದು ಎಂದು ಮಧುಶ್ರೀಗೆ ಗೊತ್ತಿತ್ತು. ಅವಳು ಅವ್ವನ ಭುಜ ಒತ್ತಿ ಹಿಡಿದಳು.

"ಯಾವಾಗಿಂದ ಹೀಗಿದೆ? ಹೋದ ಸಲ ನಿಮ್ಮ ರಕ್ತದಲ್ಲಿ ಏನೂ ಇರಲಿಲ್ಲವಲ್ಲ ಅಮ್ಮ."

"ಹೋದ್ ಸಲ ಸೂಜಿ ಚುಚ್ಚಿದ್ರು. ಈ ಸಲ ನಾನು... ಬ್ಯಾಡ ಅಂದೆ. ರಕ್ತ ತಗಳವ್ವ ಮೊದ್ಲು. ಆಮೇಲೆ ಮಾತು."

ಮಾನಸ ಕೇಳಿದರು, ಯಾವ ಸೂಜಿ? ಮಧುಶ್ರೀ ಖಾಲಿ ಸೀಸೆಯನ್ನು ಮೇಜಿನ ಮೇಲಿಟ್ಟಳು. ಮಾನಸ ಅದರ ಮೇಲಿನ ಸ್ಟೀರಾಯ್ಡಿನ ಹೆಸರು ಓದಿದರು. ತುಂಬ ಹೊತ್ತು ಓದಿದರು. ಅಷ್ಟು ಪುಟ್ಟ ಸೀಸೆಯ ಮೇಲೆ ಅಷ್ಟು ಹೊತ್ತು ಓದುವಂಥದ್ದು ಏನೂ ಇರಲಿಲ್ಲ. ಆಮೇಲೆ ಮರಮ್ಮನ ತೋಳಿಗೆ ರಬ್ಬರು ಕಟ್ಟಿ ರಕ್ತ ತೆಗೆದರು. ಸುಂದ್ರಮ್ಮನದು, ಮಂಗಳಮ್ಮನದು, ಉಳಿದ ನಾಲ್ವರದೂ ತೆಗೆದರು. ಉಳಿದವರಿಗೆ ಇವತ್ತು ಬೇಡ ಎಂದರು. ಕ್ಯಾಂಪಿನ ಜೀಪಿನಲ್ಲಿ ಮರಮ್ಮನನ್ನು ಕೂರಿಸಿ, ಮೂಗಿಗೆ ಗಾಳಿಯ ಕೊಳವೆ ಹಾಕಿ ಹುಣಸೂರಿಗೆ ಹೊರಟರು.

"ಮೇಡಂ, ಫಂಕ್ಷನ್ ಮುಗ್ಯೋವರೆಗೂ ಇರಿ," ಎಂದು ಮಹೇಶ್‌ಕುಮಾರ್ ಜೀಪಿನ ಜೊತೆ ನಾಲ್ಕು ಹೆಜ್ಜೆ ಓಡಿದ. "ಡಾಕ್ಟ್ರಿಲ್ದೆ ಹೆಂಗೆ?"

ಡಾಕ್ಟರಿಲ್ಲದೆಯೂ ಆಯಿತು. ಊರ ಮುಂದಿನ ತಿರುವಿನಲ್ಲಿ ಮರಮ್ಮನ ಜೀಪು ಅತಿಥಿಗಳ ಕಾರಿಗೆ ದಾರಿ ಬಿಡಲು ಪಕ್ಕಕ್ಕೆ ನಿಂತಿತು. ಅರ್ಧ ಗಂಟೆಯಲ್ಲಿ ಹಳದಿ ಬಟ್ಟೆ ಸರಿಯಿತು, ಚಪ್ಪಾಳೆಯಾಯಿತು. ನಂಜುಂಡೇಶ ನಾಲ್ಕು ಮಾತಾಡಿದ. ನಮ್ಮ ಕೂಲಿಯವರು ನಮ್ಮ ಮನೆಯವರಿದ್ದ ಹಾಗೆ ಎಂದ. ಶಾಮಿಯಾನದ ಕೊನೆಯಲ್ಲಿ ನಿಂತು ಕೇಳಿಸಿಕೊಂಡ ಸುಂದ್ರಮ್ಮನೇ ಆಮೇಲೆ ಆಸ್ಪತ್ರೆಗೆ ಬಂದು ಇದನ್ನು ಹೇಳಿದಳು. ನಗಿಸಬೇಡ, ಎದೆ ನೋಯುತ್ತದೆ ಎಂದಳು ಮರಮ್ಮ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ರಕ್ತದ ಕಾಗದ ಅಲ್ಲಿಗೇ ಬಂತು. ಸೂಜಿ ಬೇಡವೆಂದ ಏಳೂ ಜನರದು ಏರಿತ್ತು. ಮರಮ್ಮನದು ಎಲ್ಲರಿಗಿಂತ ಹೆಚ್ಚು. ಕಂಪನಿಯ ಆಫೀಸಿನಿಂದ ಬೇರೆ ಕಾಗದ ಬಂತು. ಒಬ್ಬರದೇ ಎರಡು ರಿಪೋರ್ಟುಗಳು ಒಂದಕ್ಕೊಂದು ಹೊಂದಿಕೆಯಾಗದ ಕಾರಣ, ಸದರಿ ಕೂಲಿಯವರ ರಕ್ತವನ್ನು ನಂಬಲು ಬರುವುದಿಲ್ಲವಾಗಿ, ಏಳೂ ಜನರನ್ನು ಯೋಜನೆಯಿಂದ ಕೈಬಿಡಲಾಗಿದೆ. ನಂಜುಂಡೇಶನ ಹಲ್ಲನ್ನು ಅಷ್ಟರಲ್ಲಿ ಕೀಳಿಸಿ ಆಗಿತ್ತು. ಅವನ ರಕ್ತ ಈಗ ಚೆನ್ನಾಗಿತ್ತು. ಔಷಧಿಯಿಂದ ಗುಣವಾದ ಮೊದಲ ಫಲಾನುಭವಿ ಎಂದು ಅವನ ಫೋಟೋ ಕಂಪನಿಯ ಪುಸ್ತಕದಲ್ಲಿ ಬಂತು.

ಮುಂದಿನ ಭಾನುವಾರ ಮಾನಸ ಬಸ್ಸಿನಲ್ಲಿ ಬಂದರು. ಡೇರಿಗೆ ಹೋಗಲಿಲ್ಲ. ಊದುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ನೇರ ಕೇರಿಗೆ ಬಂದು ಮರಮ್ಮನ ಜಗಲಿಯಲ್ಲಿ ಕೂತರು. ನೀರು ಕೇಳಿ ಕುಡಿದರು.

"ಮೊದಲನೇ ಲೆಕ್ಕ ನೋಡಿ ನಮ್ಮ ಸರ್ ಖುಷಿಪಟ್ಟಿದ್ದರು ಅಮ್ಮ," ಎಂದರು. "ಹೊಗೆ ಕುಡಿದವರ ರಕ್ತ ಚೆನ್ನಾಗಿದೆ, ಹೊಗೆ ನೋಡಿದವರ ರಕ್ತ ಕೆಟ್ಟಿದೆ. ಹೊಸ ವಿಷಯ, ಬರೀಬಹುದು ಅಂದರು. ನಾನೂ ಬರೆಯೋಕೆ ಕೂತಿದ್ದೆ. ಹದಿನೆಂಟು ಸೊನ್ನೆ ಕಣ್ಣ ಮುಂದೆ ಇತ್ತು. ನನಗೂ ಕಾಣಲಿಲ್ಲ."

ಮರಮ್ಮ ಸಮಾಧಾನ ಹೇಳಲಿಲ್ಲ. "ಈಗ ಕಂಡದಲ್ಲ. ಬರ್ಕೊಡವ್ವ," ಎಂದಳು.

ಅವತ್ತು ಕೇರಿಯ ಹದಿನೆಂಟು ಜನವೂ ಊದಿದರು. ಚುಚ್ಚಿಸಿಕೊಂಡಿದ್ದ ಹನ್ನೊಂದು ಜನವೂ ಬಂದರು. ಹದಿನಾಲ್ಕು ಜನರ ಎದೆ ಹಾಳಾಗಿತ್ತು. ಮಾನಸ ಒಬ್ಬೊಬ್ಬರಿಗೂ ಸಹಿ ಹಾಕಿದ ಚೀಟಿ ಕೊಟ್ಟರು. ಮಧುಶ್ರೀ ಅರ್ಜಿ ಬರೆದಳು. ಒಂದು ಕಾರ್ಮಿಕ ಇಲಾಖೆಗೆ, ಒಂದು ಆರೋಗ್ಯ ಇಲಾಖೆಗೆ. ಆರೋಗ್ಯ ಇಲಾಖೆಯವರು ಬರುವಷ್ಟರಲ್ಲಿ ಶಿವಶಂಕರನ ಶಾಪಿಗೆ ಬೀಗ ಬಿದ್ದಿತ್ತು. ಹದಿನೈದು ದಿನದ ಮೇಲೆ ಅವನು ಸಾಲಿಗ್ರಾಮದ ಕಡೆ ಎಲ್ಲೋ ಹೊಸ ಬೋರ್ಡು ಹಾಕಿದ್ದಾನೆಂದು ಸುದ್ದಿ ಬಂತು. ಕಾರ್ಮಿಕ ಇಲಾಖೆ ಅರ್ಜಿ ಪರಿಶೀಲನೆಯಲ್ಲಿದೆ ಎಂದಿತು. ಈಗಲೂ ಪರಿಶೀಲಿಸುತ್ತಿದೆ.

ಆದರೆ ಕೇರಿಯವರು ಯಾರ ಪರಿಶೀಲನೆಗೂ ಕಾಯಲಿಲ್ಲ. ಕೊಳವೆ ಬದಲಾಯಿಸುವವರೆಗೆ, ಸೊಪ್ಪು ಕಟ್ಟುವ ಕೆಲಸ ಮುಚ್ಚಿದ ಶೆಡ್ಡಿನಿಂದ ಹೊರಗೆ ಚಪ್ಪರಕ್ಕೆ ಬರುವವರೆಗೆ, ಒಲೆಯ ಮುಂದೆ ಇಬ್ಬರು ಪಾಳಿ ಹಾಕಿಕೊಳ್ಳಲು ಬಿಡುವವರೆಗೆ ಕೆಲಸಕ್ಕೆ ಬರುವುದಿಲ್ಲ ಎಂದರು. ಮರಮ್ಮ ಹೇಳಿ ಕೊಟ್ಟದ್ದಲ್ಲ. ಅವಳಿಗೆ ಅಷ್ಟು ಮಾತಾಡಲು ಇನ್ನೂ ಆಗುತ್ತಿರಲಿಲ್ಲ. ನಂಜುಂಡೇಶ ಎಚ್.ಡಿ. ಕೋಟೆ ಕಡೆಯಿಂದ ಟೆಂಪೋದಲ್ಲಿ ಜನ ತಂದ. ಸೊಪ್ಪು ಕಿತ್ತರು, ಕಟ್ಟಿದರು, ತುಂಬಿದರು. ಉರಿಯ ಹದ ಅವರಿಗೆ ತಿಳಿಯಲಿಲ್ಲ. ಒಂದು ಬ್ಯಾರನ್ನಿನ ಸೊಪ್ಪು ಪೂರ್ತಿ ಕರಿಕಾಯಿತು. ಎರಡನೆಯದು ಒಳಗೇ ಬೆವೆತು ಕೊಳೆಯಿತು.

ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ನಂಜುಂಡೇಶ ಕೇರಿಗೆ ಬಂದ. ಬೈಕನ್ನು ಬೀದಿಯ ತುದಿಯಲ್ಲೇ ಬಿಟ್ಟು, ಚರಂಡಿ ದಾಟಿ, ಮರಮ್ಮನ ಮನೆಯ ಮುಂದೆ ನಿಂತ. ಮರಮ್ಮ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಸುಂದ್ರಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಇಬ್ಬರೂ ಏಳಲಿಲ್ಲ.

"ಸೊಪ್ಪು ಹೊಲದಲ್ಲಿ ಹಣ್ಣಾಯ್ತಾ ನಿಂತದೆ ಮರಮ್ಮ," ಎಂದ. ಅವನ ದನಿ ಸಣ್ಣಗಿತ್ತು. "ಹೊಸ ಕೊಳವೆ ಹಾಕ್ಸಿದೀನಿ. ಚಪ್ಪರ ನಾಳೆ ಹಾಕ್ತಾರೆ. ಪಾಳಿ ನಿಮಗೆ ಬೇಕಾದಂಗೆ ಮಾಡ್ಕಳಿ. ನೀನ್ ಬಂದ್ರೆ ಮಿಕ್ಕೋರೂ ಬತ್ತಾರೆ. ಬತ್ತೀಯೋ ಇಲ್ವೋ, ಒಂದು ಮಾತು ಹೇಳ್ಬುಡು."

ಮರಮ್ಮ ಕೈ ಎತ್ತಿ ತಡೆದಳು. ಆಸ್ಪತ್ರೆಯಲ್ಲಿ ಕೊಟ್ಟ ನೀಲಿ ಪಂಪನ್ನು ಮಡಿಲಿನಿಂದ ತೆಗೆದಳು. ಮೇಲೆ ಕೆಳಗೆ ಕುಲುಕಿದಳು. ಎದೆಯಲ್ಲಿದ್ದ ಗಾಳಿಯನ್ನೆಲ್ಲ ನಿಧಾನವಾಗಿ ಹೊರಗೆ ಬಿಟ್ಟಳು. ಪಂಪನ್ನು ಬಾಯಿಗಿಟ್ಟು, ಒತ್ತಿ, ಒಳಕ್ಕೆ ಎಳೆದು, ತುಟಿ ಮುಚ್ಚಿದಳು. ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕೆಂದು ಹೇಳಿಕೊಟ್ಟಿದ್ದರು. ಅವಳು ಬೆರಳು ಮಡಿಸುತ್ತಾ ಎಣಿಸತೊಡಗಿದಳು.

"ಕೊಳವೆ ಒಳ್ಳೇ ದಪ್ಪದ್ದೇ ತಂದಿರೋದು," ಎಂದ ನಂಜುಂಡೇಶ.

"ಮಾತಾಡಿಸ್ಬ್ಯಾಡಿ ಯಜಮಾನ್ರೇ," ಎಂದಳು ಸುಂದ್ರಮ್ಮ, ಅವರೆಕಾಯಿಯಿಂದ ಕಣ್ಣೆತ್ತದೆ. "ಉಸಿರು ತಗೋತಾವ್ಳೆ."

ಹತ್ತನೇ ಬೆರಳು ಮಡಿಸಿ ಮರಮ್ಮ ಉಸಿರು ಬಿಟ್ಟಳು. ಎದೆಯಲ್ಲಿ ಮೊದಲಿನ ಸದ್ದಿರಲಿಲ್ಲ. ಬಿಸಿಲು ಏರಿತ್ತು. ಅವನ ಹಣೆಯ ಮೇಲೆ ಬೆವರಿತ್ತು. ಯಾರೂ ಕುರ್ಚಿ ತರಲಿಲ್ಲ.

"ಹೇಳು ಮತ್ತೆ," ಎಂದ.

"ಇನ್ನೊಂದ್ ಸಲ ಎಳೀಬೇಕು," ಎಂದಳು ಮರಮ್ಮ. ಮಾತು ಒಂದೇ ಉಸಿರಿನಲ್ಲಿ ಪೂರ್ತಿ ಬಂತು. "ಮಧ್ಯದಲ್ಲಿ ಒಂದು ನಿಮಿಷ ಬುಡಬೇಕು ಅಂದವ್ರೆ ಡಾಕ್ಟ್ರು. ನಿಂತಿರಿ."

ನಂಜುಂಡೇಶ ನಿಂತ.